ನಾಕನೇ ದಿನದ ಮಳಿ

ಸುಳ್ಳು! ಯಾರು ಸುಳ್ಳು ಬರದಾರ? ನಮ್ಮ ಮನಿಯವರಾ? ವಾಸುದೇವ ಮಾಸ್ತರು ಸುಳ್ಳು ಮಳಿ ಲೆಕ್ಕ ಬರದು ಕಳಸ್ತಾರ ಅಂತ ಹೇಳ್ಲಿಕ್ಕೆ ಕಲಬುರ್ಗಿಯಿಂದ ಬಸ್ ಹತ್ತಿ ಕಮಲಾಪುರಕ್ಕ ಬಂದಿಯೇನು ನೀನು?... ಕೂಡು. ಅಲ್ಲೇ, ಬಾಗಲಾ ಕಡೆ ಕೂಡು. ಈ ಕಡೆ ಬರಬ್ಯಾಡ. ಯಾಕಂತ ಕೇಳಬ್ಯಾಡ, ಕೂಡು ಅಂದ್ರ ಕೂಡು!

ಖೂಬಾ ಪ್ಲಾಟಿನ ಸಾವಿತ್ರೀಬಾಯಿ ಮಗ ಬಂಡು ಅಲ್ಲೇನು? ಸೂಟಿಗೆ ಬಂದಾಗ ಸಿಂಬಳ ಸುರಿಸ್ಕೋತ ಇದೇ ಅಂಗಳದಾಗ ಆಡಿದಾಂವ! ಈಗ ಯುನಿವರ್ಸಿಟಿ ಸಾಹೇಬ. ಊರೂರಿನ ಮಳಿ ಲೆಕ್ಕ ಕಂಪ್ಯೂಟರಿಗೆ ತಿನಿಸಿ, ಮುಂದ ಎಂಥೆಂಥಾ ನೆರಿ ಬರ್ತಾವ ಅಂತ ಹೇಳಾಂವ... ಯಾಕ ನಗ್ತಿ? ನಗು, ನಗು.

ಏನಂದಿ, ಮತ್ತೊಮ್ಮೆ ಹೇಳು. ಮಳಿಗಾಲದಾಗ ತಿಂಗಳಾ ಮೂರು ದಿನ ಕಮಲಾಪುರದಾಗ ಹನಿ ಬೀಳಂಗಿಲ್ಲ, ನಾಕನೇ ದಿನ ಧೋ ಅಂತ ಸುರೀತದ... ಸುತ್ತಲ ಊರಾಗ ಹಂಗಿಲ್ಲ. ಹೌದಾ? ಅದನ್ನ ನೋಡಿ ನಿನ್ನ ಕಂಪ್ಯೂಟರ್ ಹೆದರಿ, ಕಮಲಾಪುರ ಮುಣಗ್ತದ, ಹಳ್ಳಕ್ಕ ದೊಡ್ಡ ಬ್ರಿಜ್ ಕಟ್ರಿ ಅಂತದ! ಕಟ್ಟಲಿ! ಮಳಿ ನಿನ್ನ ಕೇಳಿ ಬೀಳಬೇಕೇನು? ಹವಾ ಕೆಟ್ಟದ, ಕಾಲ ಕೆಟ್ಟದ ಅಂತ ನೀವೇ ಪೇಪರ್‌ನಾಗ ಬರೀತೀರಿ. ಬರದ ಮ್ಯಾಲೆ ನಂಬಲಿಕ್ಕೆ ಏನ್ ಧಾಡಿ?

ಇವರೇ ಅಳೀತಾರ. ದಿನಾ ಮುಂಜಾನೆ ಸ್ನಾನ ಆಗೂದ ತಡ, ತುಳಸಿಕಟ್ಟಿ ಬಾಜೂಕ ಹೋಗಿ ಆ ಸರ್ಕಾರಿ ಡಬ್ಬಿ ತಗದು, ಮಳಿನೀರು ಗ್ಲಾಸಿಗೆ ಸುರದು... ಇವರೇ! ಎಲ್ಲಿ ಹೋಗ್ಯಾರ ಅಂದ್ರ? ಸಂತಿಗೆ. ಇವತ್ತ ಸಂತಿ ಇಲ್ಲಾ?... ಹಂಗಾದ್ರ ಬಾಳಿಹಣ್ಣು ತರ್ಲಿಕ್ಕೆ ಹೋಗ್ಯಾರ, ಅಮೋಘಪ್ಪನ ತೋಟಕ್ಕ. ನಿನಗ್ಯಾಕ ಆ ಪಂಚಾಯ್ತಿ?

ಒಳಗ ಕೆಮ್ಮಿದ್ದು ನಮ್ಮ ಅತ್ತಿ. ಗಂಡಸಿನ ಕೆಮ್ಮು ಅಂದ್ರ? ಮುದುಕರ ಕೆಮ್ಮು ಹಂಗೇ ಇರ್ತದ!

ಡಬ್ಬಿ ಕಿತ್ಕೊಂಡು ಹೋಗ್ತೀನಿ ಅಂತೀಯೇನು? ಮುಟ್ಟು ನೋಡೋಣ! ಅದೊಂದು ಹೋದ್ರ ಈ ಮನ್ಯಾಗ ಏನ್ ಉಳೀತದೋ? ಕಣ್ಣು ತೆರದ ಕೂಡ್ಲೇ 'ಎಷ್ಟು ಬಿತ್ತ?' ಅಂತಾರ. ಅದೊಂದೇ ಮಾತು ನೆಟ್ಟಗ ಬರ್ತದ ಅವರಿಗೆ... ಅಂದ್ರ... ಕೇಳ್ತಾರ, ಆಮ್ಯಾಲೆ ತಾವೇ ಎದ್ದು ಹೋಗಿ ಅಳೀತಾರ. ಏನು? ತಾವೇ ಅಳೆಯೋರು ಯಾರನ್ನ ಯಾಕ ಕೇಳ್ತಾರ ಅಂದ್ರ? ವಕೀಲ ಆಗಬೇಕಿತ್ತು ನೀನು!

ಚಹಾ? ನಾ ಕೊಡಂಗಿಲ್ಲ. ಸಿಟ್ಟಿಗಲ್ಲೋ. ಅತ್ತಿ ತರ್ತಾರ ಒಳಗಿಂದ. ಇವತ್ತ ನಾ ಏನೂ ಮುಟ್ಟಂಗಿಲ್ಲ.

...ಯಾಕೋ? ನನ್ನ ಚಾಪಿ ಏನ್ ನೋಡ್ತಿ? ಬ್ಯಾರೆ ಇಟ್ಟ ತಂಬಿಗಿ ಎಂದೂ ನೋಡಿಲ್ಲೇನು? ನಿಮ್ಮವ್ವ ಹೊರಗಾದಾಗ ಹಿಂಗ ಮೂಲ್ಯಾಗ ಕೂಡ್ತಿದ್ದಿಲ್ಲೇನು, ಮೂರು ದಿನ?... ಮತ್ತ ತುಳಸಿಕಟ್ಟಿ ಕಡೆ ಯಾಕ ನೋಡ್ಲಿಕತ್ತಿ? ಡಬ್ಬಿ ತುಂಬ್ಯದ. ಮೊನ್ನಿಯಿಂದ ಮಳಿ ಹೊಡೀಲಿಕತ್ತದ, ತುಂಬದೇ ಏನ್ ಮಾಡ್ತದ? ಅತ್ತಿ ಆ ಕಟ್ಟಿ ಹತ್ರ ನನ್ನ ನೆರಳೂ ಬೀಳ್ಗೊಡಂಗಿಲ್ಲ. ನಾಳೆ ತಲಿ ಮ್ಯಾಲೆ ನೀರು ಹಾಕ್ಕೊಂಡು ನಾನೇ ಅಳದು...

ಏ ಬಂಡು. ಬೈಯಿ. ಬೈದಿದ್ರ ಛಲೋ ಇತ್ತು. ಹಿಂಗ ನೋಡಬ್ಯಾಡ... ಹೌದೋ! ನಮ್ಮ ಮನಿಯವರು ಮಲಗ್ಯಾರ! ಲಕ್ವಾ ಹೊಡದು ಎರಡು ವರ್ಷಾತು. ಆತಾ ಸಮಾಧಾನ?

ಎಲ್ಲಿಗೆ ಹೊಂಟಿ? ಏ, ಡಬ್ಬಿ ಬಿಡು! ಬಿಡು ಅಂದೆನಲ್ಲ!... ಗ್ಲಾಸು ಅಲ್ಲ್ಯಾಕ ಹುಡುಕ್ತಿ, ಕಟ್ಟಿ ಹಿಂದ ಅದ. ಚೆಲ್ಲಬ್ಯಾಡ. ನೆಟ್ಟಗ ಹಿಡಿ... ಎಷ್ಟದ? ಬಾಯಾಗ ಗೊಣಗಬ್ಯಾಡ, ಜೋರಾಗಿ ಹೇಳು. ಮೂರು ದಿನದಿಂದ ಕೇಳ್ಲಿಕತ್ತಾರ ಅವರು, ಒಳಗ.