ಗಾಣಕ್ಕೆ ಮುಯ್ಯಾಳಾಗಿ ಬಂದ ದೊರೆ

ಕೂತ್ಕೊಳ್ರಪ್ಪ, ಕೂತ್ಕೊಳ್ರವ್ವ. ಹಿಂದೆ ಕೂತೋರು ಮುಂದಕ್ಕೆ ಬನ್ನಿ, ಮುಂದೆ ಕೂತೋರು ಗೊರಕೆ ಹೊಡೀಬ್ಯಾಡಿ. ಒಂದು ಸೀಮೆ ಇತ್ತು. ಯಾವ ದಿಕ್ಕಿಗೆ ಅಂತ ಕೇಳ್ಬ್ಯಾಡಿ, ಹೇಳಿದ್ರೆ ಅಲ್ಲಿಯೋರು ಬಂದು ನನ್ನ ಹಿಡ್ಕೊಂಡು ಬಡೀತಾರೆ. ಆ ಸೀಮೆಗೊಬ್ಬ ದೊರೆ. ದೊರೆ ಅಂದ್ಮೇಲೆ ಮೀಸೆ ಇರ್ಬೇಕಲ್ಲ, ಇತ್ತು. ಮೀಸೆ ಮೇಲುಗಡೆ ಇರ್ಬೇಕಾದ್ದು ಮಾತ್ರ ಒಸಿ ಕಮ್ಮಿ.

ಒಂದಿನ ಕುದುರೆ ಮಾರೋನೊಬ್ಬ ಬಂದ. ಪಕ್ಕದ ಸೀಮೇಲಿ ಕಷ್ಟಕಾಲ ಬಂದೈತೆ, ಜನ ಸೊಪ್ಪುಸದೆ ತಿಂತಾವ್ರೆ ಅಂತ ಹೇಳ್ದ. ಹೇಳ್ಬಿಟ್ಟು ಕುದುರೆ ಮಾರ್ಕೊಂಡು ಹೋದ. ದೊರೆಗೆ ಅನ್ನ ಸೇರ್ಲಿಲ್ಲ, ನಿದ್ದೆ ಹತ್ತಲಿಲ್ಲ. ಬೊಕ್ಕಸ ನೋಡ್ಕೊಳ್ಳೋ ಸಿಂಗ್ರಯ್ಯನ್ನ ಕರೆದ. ಊರಲ್ಲಿರೋ ಕಾಸೆಲ್ಲ ಬಳಿದು ಒಳಗೆ ತುಂಬು, ನಮಗೂ ಕಷ್ಟಕಾಲ ಬಂದ್ರೆ ಇರ್ಲಿ ಅಂದ.

ಸಿಂಗ್ರಯ್ಯನಿಗೆ ಹೇಳ್ಕೊಡ್ಬೇಕಾ? ಬಾವಿಗೆ ತೆರಿಗೆ ಹಾಕ್ದ. ಬಾಗಿಲಿಗೆ ತೆರಿಗೆ ಹಾಕ್ದ. ಒಲೆ ಮೇಲೆ ಹೊಗೆ ಎದ್ರೆ ಅದಕ್ಕೂ ಹಾಕ್ದ. ಕಾಸು ಒಳಗೆ ಹೋಯ್ತು, ಹೊರಗೆ ಬರ್ಲಿಲ್ಲ. ಸಂತೇಲಿ ಕೊಳ್ಳೋರಿಲ್ಲ, ಕೊಳ್ಳೋರಿಲ್ಲ ಅಂತ ಮಾಡೋರಿಲ್ಲ, ಮಾಡೋರಿಲ್ಲ ಅಂತ ಕೂಲಿ ಇಲ್ಲ. ಕೇಳುಸ್ಕೊಂಡ್ರಾ? ಕಷ್ಟಕಾಲ ಬಂದಾತು ಅಂತ ಕೂಡಿಟ್ಟ, ಕೂಡಿಟ್ಟಿದ್ದಕ್ಕೇ ಬಂತು ಕಷ್ಟಕಾಲ.

ಅದೇ ಊರಲ್ಲಿ ಗಾಣದ ಸಂಕವ್ವ ಅಂತ ಒಬ್ಬಳಿದ್ಲು. ಗಂಡ ಸತ್ತೋಗಿದ್ದ, ಗಾಣ ಉಳಿದಿತ್ತು. ಅದರಿಂದ್ಲೇ ಅವಳ ಗಂಜಿ. ಅಟ್ಟದ ಮೇಲೆ ಹುಚ್ಚೆಳ್ಳು ಮೂಟೆ ಐತೆ, ಕೊಟ್ಟಿಗೇಲಿ ಎತ್ತು ಐತೆ, ಆದ್ರೆ ಗಾಣದ ಒನಕೆ ಸೀಳ್ಬಿಟ್ಟಿತ್ತು. ಬಡಗಿ ಮಾಚಾರಿ ತಾವ ಹೋದ್ಲು. ಒನಕೆ ಮಾಡ್ಕೊಡೋಕೆ ಮರ ಐತೆ ಕಣವ್ವ, ಆದ್ರೆ ನನ್ನ ಹೆಂಡ್ರಿಗೆ ಉಡೋಕೆ ಸೀರೆ ಇಲ್ಲ, ಕಾಸು ಕೊಟ್ರೆ ಮಾಡ್ತೀನಿ ಅಂದ. ಕಾಸಿಲ್ಲ.

ನೇಯೋ ದ್ಯಾವಣ್ಣನ ತಾವ ಹೋದ್ಲು. ಸೀರೆ ಐತೆ, ಆದ್ರೆ ಬಣ್ಣ ಅದ್ದೋ ಬಾನಿ ಒಡೆದೋಗೈತೆ, ಕಾಸು ಕೊಟ್ರೆ ಸೀರೆ ತಗೊಂಡೋಗು ಅಂದ. ಕಾಸಿಲ್ಲ.

ಕುಂಬಾರ್ತಿ ಗುರುಸಿದ್ದಿ ತಾವ ಹೋದ್ಲು. ಬಾನಿ ಸಾಲಾಗಿ ಕೂತಿದ್ವು. ಗುರುಸಿದ್ದಿ ಮಾತ್ರ ಬೈತಾ ಕೂತಿದ್ಲು, ದೀಪಕ್ಕೆ ಎಣ್ಣೆ ಇಲ್ಲ, ಒಗ್ಗರಣೆಗೆ ಎಣ್ಣೆ ಇಲ್ಲ, ಕಾಸು ಎಲ್ಲಿ ತರ್ಲಿ ಅಂತ.

ಸಂಕವ್ವ ಅಲ್ಲೇ ನಿಂತ್ಲು. ಆಮೇಲೆ ನಗೋಕೆ ಶುರು ಮಾಡಿದ್ಲು. ಗುರುಸಿದ್ದಿಗೆ ಸಿಟ್ಟು ಬಂತು.

"ಏನೇ ಸಂಕಿ, ನನ್ನ ಗೋಳು ನಿಂಗೆ ತಮಾಸೆಯಾ?"

"ಅಲ್ಲ ಕಣೇ. ಬಾನಿ ನೀನು ಮಾಡ್ತೀಯ, ಸೀರೆ ಅವ್ನು ನೇಯ್ತಾನೆ, ಮರ ಇವ್ನು ಕೆತ್ತುತಾನೆ. ಕಾಸೇನು ಮಾಡ್ತದೆ? ಕಾಸು ಬಂದು ಗಾಣ ತಿರುಗುಸ್ತದಾ?"

ಆ ಸೀಮೇಲಿ ಮುಯ್ಯಿ ಅಂತ ಒಂದು ಪದ್ಧತಿ. ನನ್ನ ಮನೆ ಸೂರು ಹೊದಿಸೋಕೆ ನೀನು ಬಾ, ನಿನ್ನ ಮನೆ ಕೆಲಸಕ್ಕೆ ನಾನು ಬತ್ತೀನಿ. ಕರೆಯೋರು ತಮ್ಮ ಕೈಯಾರೆ ಎಲೆ ಅಡಿಕೆ ಕೊಟ್ಟು ಕರೀಬೇಕು. ಕೊಟ್ಟ ಕೈಯೇ ಹೋಗಿ ದುಡಿದು ತೀರಿಸ್ಬೇಕು, ಆಳು ಕಳ್ಸಂಗಿಲ್ಲ. ತೀರಿಸ್ದೆ ಇದ್ರೆ? ಅವನ ಮನೆ ಮದುವೆಗೆ ಚಪ್ಪರ ಹಾಕೋರಿಲ್ಲ, ಅವನು ಸತ್ರೆ ಹೆಣ ಎತ್ತೋರಿಲ್ಲ.

ಸೂರು ಹೊದಿಸೋಕೆ ಮಾತ್ರ ಇದ್ದ ಮುಯ್ಯೀನ ಸಂಕವ್ವ ಎಲ್ಲಾದಕ್ಕೂ ಎಳ್ಕೊಂಬಂದ್ಲು. ಬಾನಿ ದ್ಯಾವಣ್ಣನಿಗೆ ಹೋಯ್ತು, ಸೀರೆ ಮಾಚಾರಿ ಹೆಂಡ್ರಿಗೆ, ಒನಕೆ ಗಾಣಕ್ಕೆ. ಗಾಣ ಕಿರ್ರೋ ಅಂತು. ಎಣ್ಣೆ ಗುರುಸಿದ್ದಿ ಮನೆಗೆ ಬಂತು. ಕ್ಷೌರದೋನು ಸೇರ್ಕೊಂಡ, ಚಮ್ಮಾರ ಸೇರ್ಕೊಂಡ, ಕೊನೆಗೆ ಓಲಗದೋರೂ ಸೇರ್ಕೊಂಡ್ರು. ಊರಲ್ಲಿ ಮತ್ತೆ ವಡೆ ಕರಿಯೋ ವಾಸನೆ ಎದ್ದಿತು.

ವಾಸನೆ ಅರಮನೆಗೂ ಹೋಯ್ತು. ವಾಸನೆ ಹಿಡ್ಕೊಂಡು ಯಾರು ಬಂದ್ರು? ಇನ್ಯಾರು, ಸಿಂಗ್ರಯ್ಯ. ಕಾಸೆಲ್ಲ ನಮ್ಮ ತಾವ ಐತೆ, ಇವರು ವಡೆ ಹೆಂಗೆ ತಿಂತಾವ್ರೆ ಅಂತ ಅವನ ಹೊಟ್ಟೇಲಿ ಬೆಂಕಿ. ಮುಯ್ಯಿಗೂ ತೆರಿಗೆ ಅಂದ. ಹುಣ್ಣಿಮೆ ಒಳಗೆ ಕಾಸು ಕಟ್ಟಿ, ಇಲ್ದಿದ್ರೆ ಗಾಣ, ಮಗ್ಗ, ಕುಂಬಾರ್ತಿ ಮಡಕೆ ತಿರುಗುಸೋ ತಿಗರಿ ಎಲ್ಲಾ ಅರಮನೆಗೆ ಹೊತ್ಕೊಂಡೋಗ್ತೀನಿ ಅಂದ. ಮೊದಲು ಗಾಣವೇ ಅಂತ ಸಂಕವ್ವನ ಒನಕೆ ಮೇಲೆ ಕೈಯಿಟ್ಟು ತೋರಿಸ್ದ.

ಗಾಣ ಹೋದ್ರೆ ಸಂಕವ್ವನ ತಾವ ಇರೋದು ಎತ್ತೊಂದೇ, ಅದನ್ನ ಕಟ್ಕೊಂಡು ತಿರುಪೆ ಎತ್ತಬೇಕು. ಆದ್ರೂ ಮೊಖದ ಮೇಲೆ ತೋರಿಸ್ಲಿಲ್ಲ.

"ಕಾಸೆಲ್ಲ ನಿಮ್ಮ ತಾವ ಐತಲ್ಲ ಸಿಂಗ್ರಯ್ನೋರೇ, ನಾವು ಎಲ್ಲಿ ತರಾನ? ಮುಯ್ಯಿ ತೆರಿಗೆನ ಮುಯ್ಯಿಲೇ ತಗಳಿ. ಊರು ಊರೇ ಬಂದು ಅರಮನೆ ಕೆಲ್ಸ ಮಾಡ್ಕೊಡ್ತೀವಿ. ದೊರೆಗಳು ಮನೆಗೊಂದು ಎಲೆ ಅಡಿಕೆ ಕೊಟ್ಟು ಕರೆದ್ರೆ ಸಾಕು."

ಸಿಂಗ್ರಯ್ಯ ಕುಣಿದಾಡ್ಬಿಟ್ಟ. ದೊರೆ ಮಗಳ ಮದುವೆ ಹತ್ರ ಬಂದಿತ್ತು, ಅರಮನೆ ಗೋಡೆ ಉದುರ್ತಿತ್ತು. ಎಲೆ ಅಡಿಕೇಗೆ ಇಷ್ಟು ಕೆಲಸ, ಪುಕ್ಕಟೆ ಅಂದ್ಕೊಂಡ. ಹುಟ್ಟಿದಾಗಿಂದ ಒಬ್ಬರ ಮನೆ ಸೂರಿಗೂ ಕೈ ಹಾಕ್ದೋನಲ್ಲ, ಮುಯ್ಯಿ ಅಂದ್ರೆ ಬಿಟ್ಟಿ ಚಾಕರಿ ಅಂತ ತಿಳ್ಕೊಂಡಿದ್ದ. ದೊರೆನೂ ಸಿಂಹಾಸನದ ಮೇಲೆ ಕೂತು ಮನೆಗೊಂದರಂಗೆ ಕೈಯಾರೆ ಎಲೆ ಅಡಿಕೆ ಹಂಚ್ದ.

ಊರು ನುಗ್ಗಿತು. ಗೋಡೆಗೆ ಸುಣ್ಣ ಬಳಿದ್ರು, ಸೂರು ಕಟ್ಟಿದ್ರು, ಕೆರೆ ಹೂಳು ಎತ್ತಿದ್ರು. ಅರಮನೆ ಬೆಳ್ಳಗೆ ಹೊಳೀತು, ದೊರೆ ಮೀಸೆ ತಿರುವ್ದ.

ಮಾರನೇ ದಿನ ಬೆಳಗ್ಗೆ ಸಂಕವ್ವ ಅರಮನೆ ಬಾಗಿಲಿಗೆ ಬಂದ್ಲು.

"ಬುದ್ಧಿ, ನಾಳೆ ನಮ್ಮನೇಲಿ ಗಾಣ ಐತೆ. ಹೊತ್ತಾರೆ ಬಂದ್ಬಿಡಿ."

ದೊರೆಗೆ ಅರ್ಥ ಆಗ್ಲಿಲ್ಲ. ಸಿಂಗ್ರಯ್ಯನಿಗೆ ಅರ್ಥ ಆಯ್ತು, ಮೊಖ ಕಪ್ಪಿಟ್ಟಿತು. ಆಳು ಕಳಿಸ್ತೀವಿ ಅಂದ. ಎಲೆ ಕೊಟ್ಟ ಕೈ ಆಳಿನ್ದಲ್ಲ ಅಂದ್ಲು. ಕತ್ತು ಹಿಡಿದು ಆಚೆ ನೂಕ್ತೀನಿ ಅಂದ. ನೂಕಿ, ಆದ್ರೆ ಮದುವೆ ಚಪ್ಪರ ನೀವೇ ಹಾಕ್ಕೊಳ್ಳಿ, ಓಲಗನೂ ನೀವೇ ಊದಿ ಅಂದ್ಲು.

ಒಳಗಿಂದ ಎಲ್ಲಾ ಕೇಳುಸ್ಕೊಂತಿದ್ದ ರಾಣಿ ಎದ್ದು ಬಂದ್ಲು. ದೊರೆ ಕಡೆ ನೋಡಿದ್ಲು.

"ಬೀಗರ ಮುಂದೆ ಸಿಂಗ್ರಯ್ಯ ಓಲಗ ಊದೋದು ನಾನು ನೋಡ್ಲಾರೆ. ನಡೀರಿ, ಪಂಚೆ ಎತ್ತಿ ಕಟ್ಕೊಳ್ಳಿ."

ಹೋದ ಕಣ್ರಪ್ಪ. ಗಾಣದ ಎತ್ತಿನ ಹಿಂದೆ ದೊರೆ ಸುತ್ತಿದ್ದೇ ಸುತ್ತಿದ್ದು. ಎತ್ತು ನಿಂತ್ರೂ ಇವನಿಗೆ ತಲೆ ಸುತ್ತೋದು ನಿಲ್ಲಲಿಲ್ಲ. ಸಂಜೆ ಸಂಕವ್ವ ಒಂದು ಬಟ್ಟಲು ಬಿಸಿ ಎಣ್ಣೆ ಕೊಟ್ಟು, ಮಂಡಿಗೆ ತಿಕ್ಕೊಳ್ಳಿ, ನಮ್ದು ತೀರಿತು ಅಂದ್ಲು. ಆಮೇಲೆ ಗುರುಸಿದ್ದಿ ಮನೇಲಿ ಮಣ್ಣು ತುಳಿದ. ಜಾರಿ ಬಿದ್ದ, ಮೀಸೆ ತುಂಬ ಕೆಸರು. ಆಮೇಲೆ ಮಾಚಾರಿ ಮನೇಲಿ ಗರಗಸ ಎಳೆದ. ಸಿಂಗ್ರಯ್ಯನ್ನೂ ಬಿಡ್ಲಿಲ್ಲ ಆ ರಾಣಿ, ಗರಗಸದ ಆ ಕಡೆ ಹಿಡಿ ಅಂತ ಕಳಿಸಿದ್ಲು.

ಅಂಗೈ ತುಂಬ ಬೊಬ್ಬೆ ಎದ್ದ ಮೇಲೆ ದೊರೆ ತಲೆ ಎತ್ತಿ ಬೀದಿ ನೋಡ್ದ. ಆ ತುದಿಗಂಟ ಮನೆಗಳು. ಒಂದೊಂದು ಬಾಗಿಲಲ್ಲೂ ಒಬ್ಬೊಬ್ಬರು, ನಾಳೆ ನಮ್ಮನೆಗೆ ಅಂತ ಕಾಯ್ತಾ ನಿಂತವ್ರೆ. ದೊರೆ ಸಂಕವ್ವನ ತಾವ ಬಂದು ಜಗಲಿ ಮೇಲೆ ಕುಕ್ಕರಿಸ್ದ.

"ಅವ್ವಾ, ಜೀವ ಹೋಗ್ತದೆ. ಮಿಕ್ಕಿದ ಮುಯ್ಯೀನ ಕೂಲಿ ಅಂತ ಕಾಸು ಕೊಟ್ಟು ತೀರಿಸ್ಲಾ?"

ಸಂಕವ್ವ ಊರಿನ ಕಡೆ ತಿರುಗಿ ನೋಡಿದ್ಲು. ಊರು ತಲೆ ಆಡಿಸ್ತು.

"ಕೊಡಿ ಬುದ್ಧಿ. ಬಾವಿ, ಬಾಗಿಲು, ಹೊಗೆ, ಮುಯ್ಯಿ, ಈ ತೆರಿಗೆ ಎಲ್ಲಾ ಇವತ್ತಿಗೆ ಮುಗೀಬೇಕು. ನನ್ನ ಗಾಣ ಯಾವನೂ ಮುಟ್ಟಂಗಿಲ್ಲ. ಆಗ್ಬೋದಾ?"

ಆಗ್ಬೋದು ಅಂದ. ಬೇರೆ ದಾರಿ ಇತ್ತಾ?

ಬೊಕ್ಕಸದ ಬೀಗ ತುಕ್ಕು ಹಿಡ್ಕೊಂಡಿತ್ತು. ಸಂಕವ್ವನ ಗಾಣದೆಣ್ಣೆ ಬಿಟ್ಟೇ ತೆಗೀಬೇಕಾಯ್ತು. ಮೂಟೆ ಮೂಟೆ ಕಾಸು ಬೀದಿಗೆ ಬಂತು. ಬೀದಿಯಿಂದ ಸಂತೆಗೆ ಹೋಯ್ತು, ಸಂತೆಯಿಂದ ಮನೆಗೆ, ಮನೆಯಿಂದ ಮತ್ತೆ ಸಂತೆಗೆ. ಮಗ್ಗ ಬಡೀತು, ತಿಗರಿ ತಿರುಗಿತು. ಪಕ್ಕದ ಸೀಮೆಯೋರೂ ಇಲ್ಲಿಗೇ ಸಂತೆಗೆ ಬಂದ್ರು.

ದೊರೆ ಮಗಳ ಮದುವೆ ಆಯ್ತು. ಊರೇ ಬಂದು ಚಪ್ಪರ ಹಾಕ್ತು. ಖಾಲಿಯಾದ ಬೊಕ್ಕಸದ ಕೋಣೇನ ರಾಣಿ ಉಗ್ರಾಣ ಮಾಡಿ, ಅಲ್ಲಿ ಲಾಡು ಪೇರಿಸಿದ್ಲು, ಸಿಂಗ್ರಯ್ಯನ್ನ ತೆಂಗಿನಕಾಯಿ ತುರಿಯೋಕೆ ಕೂರಿಸಿದ್ಲು. ಸಂಕವ್ವ ಪಂಕ್ತಿಯ ಮೊದಲನೇ ಎಲೆಗೆ ಕೂತ್ಲು. ದೊರೆ ತಾನೇ ತುಪ್ಪದ ಗಿಂಡಿ ಹಿಡ್ಕೊಂಡು ಬಂದು ಬಗ್ಗಿ, ಇನ್ನೊಂಚೂರು ಅಂತ ಬಲವಂತ ಮಾಡ್ದ. ಸಂಕವ್ವ ಬ್ಯಾಡ ಅನ್ನಲಿಲ್ಲ.

ಅವರ ಗಾಣ ಅಲ್ಲಿ ತಿರುಗ್ತಾ ಐತೆ, ನನ್ನ ಕತೆ ಇಲ್ಲಿ ಇಳೀತು. ಹಿಂಡಿ ನಿಮ್ಮ ದನಕ್ಕೆ, ಎಣ್ಣೆ ನಿಮ್ಮ ದೀಪಕ್ಕೆ, ವಡೆ ಮಾತ್ರ ನಂಗೆ.