ಹೊಸ್ತಿಲ ಮೇಲೆ ನಿಂತ ಸಾಹುಕಾರ

ಬಿಸಿಲು ಅಂದರೆ ಏನೆಂದು ನಿಮಗೆ ನಾನು ಹೇಳಬೇಕೆ? ಒಳಗೆ ಕೂತವರು ಸೆರಗಿನಿಂದ, ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದೀರಿ. ಜಾಗ ಸಿಗದವರು ಬಾಗಿಲ ತುಂಬ ನಿಂತಿದ್ದೀರಿ. ಇರಲಿ. ಇಂಥದ್ದೇ ಬಿಸಿಲಿನ ಒಂದು ಮಧ್ಯಾಹ್ನದ ಕಥೆ ಹೇಳುತ್ತೇನೆ, ಕೇಳಿ.

ಒಂದು ಊರು. ಆ ಊರಲ್ಲೊಬ್ಬ ಸಾಹುಕಾರ. ದುಡ್ಡಿತ್ತು, ದೊಡ್ಡ ಮನೆಯಿತ್ತು, ಮಾತಿಗೆ ಎದುರಾಡುವವರು ಯಾರೂ ಇರಲಿಲ್ಲ. ನೋಡಿ, ಮೊದಲಿನ ಎರಡಕ್ಕಿಂತ ಮನುಷ್ಯನನ್ನು ಹೆಚ್ಚು ಕೆಡಿಸುವುದು ಈ ಮೂರನೆಯದೇ.

ಅವನಿಗೆ ಹುಳಹುಪ್ಪಡಿ, ಹಕ್ಕಿಪಕ್ಷಿ ಕಂಡರೆ ಆಗದು. ಕಾಗೆ ಕೂರುತ್ತವೆಂದು ಹಿತ್ತಲ ಬೇವು ಕಡಿಸಿದ. ಇರುವೆ ಏಳುತ್ತವೆಂದು ಹಿತ್ತಲಿಗೆಲ್ಲ ಸಿಮೆಂಟು ಹಾಕಿಸಿದ. ಕೊನೆಗೆ ಮನೆಯಲ್ಲಿ ತಂಪು ಉಳಿದದ್ದು ಒಂದೇ ಕಡೆ. ಪಡಸಾಲೆಯ ಮೂಲೆಯಲ್ಲಿ ಒದ್ದೆ ಉಸುಕಿನ ಮೇಲೆ ಕುಡಿಯುವ ನೀರಿನ ಹರವಿ ಕೂರಿಸಿರುತ್ತಾರಲ್ಲ, ಅದರ ಬುಡದಲ್ಲಿ. ಚೆಲ್ಲಿದ ನೀರು ಹೋಗಲು ಆ ಮೂಲೆಯ ಗೋಡೆಯಲ್ಲೊಂದು ಕಿಂಡಿಯಿತ್ತು. ಒಂದು ದಿನ ಅದರಿಂದ ಕಪ್ಪೆ ಬಂತು. ಸಾಹುಕಾರ ಗೌಂಡಿಯನ್ನು ಕರೆಸಿ ಕಿಂಡಿಯನ್ನೂ ಮುಚ್ಚಿಸಿಬಿಟ್ಟ.

ಮನೆಯಲ್ಲಿ ಮುಸುರೆ ತಿಕ್ಕುವ ಫಕೀರವ್ವ ಆಗಲೇ ಹೇಳಿದ್ದಳು, ಒಳಗೆ ಬಂದದ್ದಕ್ಕೆ ಹೊರಗೆ ಹೋಗಲು ಹಾದಿ ಬೇಕು, ಮುಚ್ಚಿಸಬೇಡಿ ಎಂದು. "ನೀ ಭಾಂಡೆ ತಿಕ್ಕವ್ವ" ಎಂದ ಸಾಹುಕಾರ. ನಾವೂ ಹೀಗೆ ಎಷ್ಟು ಜನರ ಬಾಯಿ ಮುಚ್ಚಿಸಿಲ್ಲ?

ಬಂತು ಆ ಮಧ್ಯಾಹ್ನ. ಗಾಳಿ ಬರಲೆಂದು ಮುಂಬಾಗಿಲು ತೆರೆದಿಟ್ಟು ಸಾಹುಕಾರ ಪಡಸಾಲೆಯ ಮಂಚದ ಮೇಲೆ ಅಡ್ಡಾಗಿದ್ದ. ನಾಲ್ಕು ವರ್ಷದ ಮೊಮ್ಮಗಳು ಹರವಿಯ ಬುಡದಲ್ಲಿ ಕೂತು, ಒಂದು ಕೈಯ ಮೇಲೆ ಒದ್ದೆ ಉಸುಕು ತಟ್ಟಿ ತಟ್ಟಿ ಗುಬ್ಬಿಗೂಡು ಕಟ್ಟುತ್ತಿದ್ದಳು. ಸಾಹುಕಾರ ಕಣ್ಣು ಬಿಟ್ಟ. ನಾಗರಹಾವು. ತೆರೆದ ಬಾಗಿಲಿನಿಂದ ಬಂದು, ಮಂಚ ದಾಟಿ, ಹರವಿಯ ತಂಪಿಗೆ ಸೇರಿತ್ತು. ಮಗುವಿಗೂ ಅದಕ್ಕೂ ನಡುವೆ ಒಂದು ಮೊಳ.

ಅವನೇನು ಮಾಡಿದ? ನೀವು ಏನು ಮಾಡುತ್ತಿದ್ದಿರೋ ಅದನ್ನೇ. ಬಾಗಿಲ ಹಿಂದಿನ ಬಡಿಗೆ ಎಳೆದುಕೊಂಡು ಹೊಸ್ತಿಲ ಮೇಲೆ ನಿಂತ. ಹಾವು ಬೆದರಿತು. ಗೋಡೆಗುಂಟ ಸರಿದು, ಕಿಂಡಿಯಿದ್ದ ಜಾಗಕ್ಕೆ ಮೂತಿ ಹಚ್ಚಿತು. ಸಿಮೆಂಟು. ಮತ್ತೆ ಹಚ್ಚಿತು. ಸಿಮೆಂಟು. ತಿರುಗಿ ಬಂದು ಮಗುವಿನ ಪಕ್ಕದಲ್ಲೇ ಹೆಡೆ ಎತ್ತಿತು. ಬಡಿಗೆ ಬೀಸೋಣವೆಂದರೆ ಮಗು ಇದೆ. ಸುಮ್ಮನಿರೋಣವೆಂದರೆ ಹಾವಿದೆ.

ಅಷ್ಟರಲ್ಲಿ ಫಕೀರವ್ವ ಅಡುಗೆಮನೆಯ ಬಾಗಿಲಿಗೆ ಬಂದಳು. ನೋಡಿದಳು. ಭಾಂಡೆಯ ಬುಟ್ಟಿಯನ್ನು ಸಪ್ಪಳವಾಗದಂತೆ ಕೆಳಗಿಟ್ಟಳು.

"ನನ್ನವ್ವ, ನಿನ್ನ ಗೂಡು ಇನ್ನ ಹಸಿ ಐತಿ. ಕೈ ಅಳ್ಳಾಡಿಸಿದ್ರ ಬೀಳತೈತಿ. ಹಂಗ ಕುಂದರು."

ಮಗು ಹಾಗೇ ಕೂತಿತು.

"ಸಾವ್ಕಾರ್ರ, ನೀವು ಅದರ ಹಾದಿ ಮ್ಯಾಲೆ ನಿಂತೀರಿ. ಬಡಿಗಿ ಇಳಸ್ರಿ. ಬಾಗಲಾ ಬಿಡ್ರಿ."

ಅವನಿಗೆ ಆ ಹೊತ್ತಿನಲ್ಲೂ ಸಿಟ್ಟು ಬಂತು. ಭಾಂಡೆ ತಿಕ್ಕುವವಳು ಹೇಳುತ್ತಾಳೆಂದು ಮೊಮ್ಮಗಳನ್ನು ಬಿಟ್ಟು ಸರಿಯಬೇಕೆ? ಹಾವು ಇನ್ನೊಂದು ಗೇಣು ಎದ್ದಿತು. ಬೆವರಿಗೆ ಬಡಿಗೆ ಕೈಯಿಂದ ಜಾರುತ್ತಿತ್ತು. ಹುಟ್ಟಿದಂದಿನಿಂದ ಯಾರಿಗೂ ದಾರಿ ಬಿಡದಿದ್ದ ಮನುಷ್ಯ, ನೋಡಿ, ಒಂದು ಹೆಜ್ಜೆ ಪಕ್ಕಕ್ಕಿಟ್ಟ. ಇನ್ನೊಂದು ಹೆಜ್ಜೆ. ಹೊಸ್ತಿಲು ತೆರವಾಯಿತು.

ಹಾವು ಕದಲಲಿಲ್ಲ. ಮಗು ಕದಲಲಿಲ್ಲ. ಸಾಹುಕಾರ ಉಸಿರು ಬಿಡಲಿಲ್ಲ. ಆಮೇಲೆ, ಎಷ್ಟು ಹೊತ್ತಿನ ಆಮೇಲೆಯೋ, ಹೆಡೆ ಇಳಿಯಿತು. ಮಂಚದ ಕೆಳಗೆ ಹರಿದು, ಸಾಹುಕಾರನ ಚಪ್ಪಲಿಯ ಮೇಲೆ ಹರಿದು, ಹೊಸ್ತಿಲಿಳಿದು ಹೊರಟೇಹೋಯಿತು. ಸಾಹುಕಾರ ನಿಂತಲ್ಲೇ ಕುಸಿದು ಅತ್ತ. ಮಗು ಮೆಲ್ಲಗೆ ಕೈ ಹೊರತೆಗೆಯಿತು. ಗೂಡು ಬಿದ್ದಿರಲಿಲ್ಲ.

ಮರುದಿನ ಅದೇ ಗೌಂಡಿ ಬಂದು ಕಿಂಡಿ ತೆರೆದ, ಹಿತ್ತಲ ಗೋಡೆಯುದ್ದಕ್ಕೂ ಸಿಮೆಂಟು ಒಡೆದ. ಫಕೀರವ್ವ ಈಗ ಭಾಂಡೆ ತೊಳೆದ ನೀರನ್ನು ಆ ಮಣ್ಣಿಗೇ ಹಾಕುತ್ತಾಳೆ. ಅವಳು ಹೇಳಿದ್ದನ್ನೆಲ್ಲ ಸಾಹುಕಾರ ಕೇಳುತ್ತಾನೆ ಎಂದು ನಾನು ಹೇಳಲಾರೆ. ಬಾಯಿ ಮುಚ್ಚು ಅನ್ನುವುದಿಲ್ಲ, ಅಷ್ಟೇ.

ಈಗ ನಿಮ್ಮನ್ನು ಕೇಳುತ್ತೇನೆ. ಹಾವು ಮನೆಗೆ ನುಗ್ಗಿತು ಅನ್ನುತ್ತೀರಲ್ಲ, ಅದು ಇದ್ದ ಜಾಗವನ್ನು ನೀವು ಏನು ಮಾಡಿದ್ದಿರಿ? ನಿಮ್ಮ ಹಿತ್ತಲಿನಲ್ಲಿ ಒಂದು ಮೊಳ ಹಸಿ ಮಣ್ಣು ಉಳಿದಿದೆಯೆ? ಅಕ್ಕಿ ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಇವತ್ತಿನಿಂದಲೇ ಅದು ಮಣ್ಣಿಗೆ ಹೋಗಲಿ. ಮನೆಗೆಲಸದವರು ಒಂದು ಮಾತು ಹೇಳಿದರೆ ಪೂರ್ತಿ ಕೇಳಿ. ಇನ್ನೊಂದು. ಮನೆಯಲ್ಲಿ ಮಗನೋ ಸೊಸೆಯೋ ತಪ್ಪು ಮಾಡಿ ಮೂಲೆ ಸೇರಿದ್ದಾಗ ನೀವು ಎಲ್ಲಿ ನಿಂತಿರುತ್ತೀರಿ? ಬಾಗಿಲಲ್ಲಿ, ನಾಲಿಗೆಯ ಬಡಿಗೆ ಎತ್ತಿಕೊಂಡು. ಹೆದರಿದ ಜೀವಕ್ಕೆ ಹಾದಿ ಬಿಡಿ. ಕಿಂಡಿಯನ್ನೂ ಮುಚ್ಚಿ, ಬಾಗಿಲಲ್ಲೂ ನಿಂತರೆ ಅದು ಹೆಡೆ ಎತ್ತದೆ ಇನ್ನೇನು ಮಾಡೀತು?

ನಾಳೆ ಮಾಡೋಣ ಅನ್ನಬೇಡಿ. ಇಲ್ಲಿಂದಲೇ ಶುರುವಾಗಲಿ. ಆಗಿನಿಂದ ಬಾಗಿಲ ತುಂಬ ನಿಂತಿದ್ದೀರಲ್ಲ, ನೀವೇ, ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಒಳಗೆ ಕೂತವರಿಗೂ ಒಂದಿಷ್ಟು ಗಾಳಿ ಬರಲಿ.