ಕಾದ ಆಯಸ್ಕಾಂತ

ನೋಡಿ, ಕರೆಂಟು ತಂತಿಯೊಳಗೆ ಹರಿಯುವಾಗ ತಂತಿಯನ್ನು ಕಾಯಿಸುತ್ತದೆ. ಅದೇ ತಂತಿಯನ್ನು ಕಬ್ಬಿಣಕ್ಕೆ ಸುರುಳಿ ಸುತ್ತಿದರೆ ಕಬ್ಬಿಣವನ್ನು ಆಯಸ್ಕಾಂತ ಮಾಡುತ್ತದೆ. ನನಗೆ ಬಲ ಸಾಕು, ಕಾವು ಬೇಡ ಅಂದರೆ ನಡೆದೀತೇ? ಎರಡೂ ಒಂದೇ ಬಾಗಿಲಿಂದ ಬರುತ್ತವೆ. ಇದನ್ನು ಮರೆತ ಒಬ್ಬನ ಕಥೆ ಹೇಳುತ್ತೇನೆ, ಕೇಳಿ.

ಒಂದು ಪಟ್ಟಣದ ರೈಲ್ವೆ ಗೇಟಿನಾಚೆ ಒಬ್ಬ ಗುಜರಿ ಸಾಹುಕಾರ ಇದ್ದ. ಹುಟ್ಟು ಸಾಹುಕಾರನಲ್ಲ. ತಾಯಿ ತೀರಿದ ಮೇಲೆ ಅಕ್ಕನೇ ಅವನನ್ನು ಸಾಕಿದವಳು. ಹಳಿಯ ಪಕ್ಕ ಮೊಳೆ, ತಗಡು ಆಯ್ದು ಇಬ್ಬರೂ ಮೇಲೆ ಬಂದವರು. ಈಗ ಅವನ ಅಂಗಳದಲ್ಲಿ ಕ್ರೇನಿಗೆ ತೂಗುಹಾಕಿದ ದೊಡ್ಡದೊಂದು ಕರೆಂಟಿನ ಆಯಸ್ಕಾಂತ. ಗುಂಡಿ ಒತ್ತಿದರೆ ಮುರಿದ ಎಂಜಿನ್ನು, ಹಳಿಯ ತುಂಡು, ಎಲ್ಲವೂ ಹಾರಿ ಅಂಟಿಕೊಳ್ಳುತ್ತಿದ್ದವು. ಬಿಟ್ಟರೆ ಲಾರಿಯೊಳಗೆ ಧಡ್ ಅಂತ ಬೀಳುತ್ತಿದ್ದವು. ಗುಂಡಿಯನ್ನು ಸಾಹುಕಾರ ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಕೆಳಗೆ ನಿಂತು ಕೈಸನ್ನೆ ಮಾಡುತ್ತಿದ್ದವನು ಅಕ್ಕನ ಗಂಡ, ಇವನಿಗೆ ಮಾವ.

ಅಕ್ಕ ಅಲ್ಲೇ ಹೆಂಗಸರ ಜೊತೆ ಗುಜರಿ ಬೇರ್ಪಡಿಸುತ್ತಿದ್ದಳು. ಆಯಸ್ಕಾಂತ ನೆಲಕ್ಕಿಳಿದಾಗ ಎದ್ದು ಬಂದು, ರೊಟ್ಟಿಯ ಹಂಚಿಗೆ ಚಿಮುಕಿಸಿದ ಹಾಗೆ ಅದರ ಬೆನ್ನಿಗೆ ನೀರು ಚಿಮುಕಿಸುವಳು. ಹನಿ ಚುಂಯ್ ಅಂದರೆ, "ಕಾದೈತೋ ತಮ್ಮಾ, ಆರ್ಲಿ" ಅನ್ನುವಳು. ಅವನು ಗುಂಡಿ ಬಿಟ್ಟು ಬೀಡಿ ಹಚ್ಚುವನು. ಯಾಕೆ? ಸುರುಳಿ ಕಾದಷ್ಟೂ ಅದರಲ್ಲಿ ಕರೆಂಟು ಕಡಿಮೆ ಹರಿಯುತ್ತದೆ, ಹಿಡಿತ ಸಡಿಲವಾಗುತ್ತದೆ. ಅವನಿಗೆ ಇದು ಗೊತ್ತಿತ್ತು. ನೆನಪಿಡಿ, ಗೊತ್ತಿತ್ತು.

ವ್ಯಾಪಾರ ಬೆಳೆಯಿತು. ಗೇಟಿನ ತನಕ ಲಾರಿ ನಿಂತವು. ಒಂದು ದಿನ ಪರ ಊರಿನ ವ್ಯಾಪಾರಿಗಳು ಕುರ್ಚಿ ಹಾಕಿಕೊಂಡು ಕೂತಿದ್ದಾಗ ಅಕ್ಕ ಎಂದಿನಂತೆ ನೀರು ಚಿಮುಕಿಸಿ, "ಆರ್ಲಿ" ಅಂದಳು.

"ಅಕ್ಕಾ, ಇದು ಹಂಚಲ್ಲ. ರೊಟ್ಟಿ ಬಡಿಯೂದಿದ್ರ ಮನೀಗೆ ಹೋಗು."

ಕುರ್ಚಿಯವರೆಲ್ಲ ನಕ್ಕರು. ಮಾವನೂ ನಕ್ಕ. "ನೀವು ಅಕ್ಕ ತಮ್ಮ ಎಷ್ಟಾದ್ರೂ ಜಗಳಾಡ್ರಿ. ಕೆಳಗ ನಿಂತಾಂವ ನಾನು, ಅಷ್ಟು ನೆನಪಿರ್ಲಿ" ಅಂದ.

ಮರುದಿನ ಅಕ್ಕ, "ಸುಟ್ಟ ವಾಸನಿ ಬರಾಕತ್ತೈತೋ" ಅಂದಳು. "ಆಯಸ್ಕಾಂತ ಇರ್ಲಿ, ನಿನ್ನ ಬಾಯಿ ಯಾವಾಗ ಆರ್ತದ?" ಅಂದ ತಮ್ಮ. ಅವಳು ನೀರಿನ ತಂಬಿಗೆಯನ್ನು ಗೋಡೆಯ ಬಳಿ ಬೋರಲು ಹಾಕಿ, ಹೋಗಿ ತನ್ನ ಗುಜರಿಯ ಮುಂದೆ ಕೂತಳು. ಆಮೇಲೆ ಮಾತಾಡಲಿಲ್ಲ. ಸಾಹುಕಾರನಿಗೆ ಏನನ್ನಿಸಿತು ಗೊತ್ತೇ? ಅಂತೂ ಶಾಂತಿ ಸಿಕ್ಕಿತು ಅನ್ನಿಸಿತು.

ಒಂದು ಮಧ್ಯಾಹ್ನ, ಬೆಳಗಿನಿಂದ ಬಿಡುವೇ ಕೊಡದೆ ಎತ್ತುತ್ತಿದ್ದ. ಅಕ್ಕನ ಮೂಗಿಗೆ ವಾಸನೆ ಬಡಿಯಿತು. ಮಾತು ನಾಲಿಗೆಯ ತುದಿಗೆ ಬಂತು. ಅವತ್ತಿನ ನಗೆ ನೆನಪಾಯಿತು, ನುಂಗಿಕೊಂಡಳು. ಹಳಿಯ ತುಂಡುಗಳ ಹೊರೆ ಮೇಲೇರಿತ್ತು. ಅಡ್ಡ ಚಾಚಿದ್ದ ಒಂದು ಸರಳನ್ನು ನೇರ ಮಾಡಲು ಮಾವ ಕೆಳಗೆ ಬಂದ. ಆಯಸ್ಕಾಂತದ ಹಿಡಿತ ಜಾರಿತು. ಸಾಹುಕಾರ ಕೈ ನೋಡಿಕೊಂಡ. ಬೆರಳು ಗುಂಡಿಯ ಮೇಲೆಯೇ ಇತ್ತು, ಒತ್ತಿಯೇ ಇತ್ತು.

ಮಾವನನ್ನು ಮಣ್ಣು ಮಾಡಿ ಬಂದ ಮೇಲೆ ಅಕ್ಕನ ಕಾಲ ಬಳಿ ಕೂತ. "ನಿನಗ ವಾಸನಿ ಬಂದಿರ್ತದ ಅಕ್ಕಾ. ಒಂದು ಮಾತು ಯಾಕ ಹೇಳಲಿಲ್ಲ?"

"ಹೇಳಿದ್ರ ನಗ್ತಿದ್ದೆಲ್ಲೋ ತಮ್ಮಾ. ನಾನೂ ನೋಡೇ ಬಿಡೂಣು ಅಂತ ಸುಮ್ನ ಕೂತೆ."

ಅಷ್ಟೇ. ಕ್ರೇನು ಮಾರಿದ, ಅಂಗಳಕ್ಕೆ ಬೀಗ ಹಾಕಿದ. ಅಕ್ಕ ಅವನ ಮನೆಯಲ್ಲೇ ಇದ್ದಾಳೆ. ಬಡಿಸಿದ್ದು ಉಣ್ಣುತ್ತಾಳೆ. ಪಲ್ಯಕ್ಕೆ ಉಪ್ಪಿಲ್ಲದಿದ್ದರೂ ಉಪ್ಪಿಲ್ಲ ಅನ್ನುವುದಿಲ್ಲ. ಎದುರಿಗೆ ಕೂತು ಅವನೂ ಆ ಸಪ್ಪೆಯನ್ನೇ ನುಂಗುತ್ತಾನೆ. ಅವಳು ಒಮ್ಮೆ ತನ್ನನ್ನು ಬೈದರೆ ಸಾಕು ಅಂತ ಕಾಯುತ್ತಾನೆ. ಬೈಯುವುದಿಲ್ಲ.

ಶರಣರೇ, ತಾಯಂದಿರೇ, ನಿಮ್ಮ ಮನೆಯಲ್ಲಿ ಮೊದಲು ಹೇಳುತ್ತಿದ್ದು ಈಗ ಹೇಳುವುದನ್ನು ಬಿಟ್ಟವರು ಯಾರು? ಕುಡಿಯಬೇಡ ಅನ್ನುತ್ತಿದ್ದ ಹೆಂಡತಿಯೇ? ಆ ಮಗುವಿಗೆ ಅಷ್ಟು ಹೊಡೆಯಬೇಡವ್ವಾ ಅನ್ನುತ್ತಿದ್ದ ಅತ್ತೆಯೇ? ಮನೆ ತಣ್ಣಗಿದೆ ಅಂದುಕೊಂಡಿದ್ದೀರಿ. ತಣ್ಣಗಾದದ್ದು ಮನೆಯಲ್ಲ, ಅವರಿಗೆ ನಿಮ್ಮ ಮೇಲಿದ್ದ ಆಸೆ. ಇಲ್ಲಿ ಕೂತಿರುವ ಕೆಲವರಿಗೆ ಆಗಲೇ ತಡವಾಗಿದೆ. ಇಲ್ಲ ಅಂತ ಸುಳ್ಳು ಸಮಾಧಾನ ನಾನು ಹೇಳಲಾರೆ.

ಆದರೂ ಇವತ್ತು ಹೋಗಿ ಅವರ ಮುಂದೆ ಕೂತುಕೊಳ್ಳಿ. ನೀನು ಮೊದಲೇನೋ ಹೇಳುತ್ತಿದ್ದೆ, ಈಗ ಯಾಕೆ ಹೇಳುವುದಿಲ್ಲ ಅಂತ ಕೇಳಿ. ಏನಿಲ್ಲ ಅನ್ನುತ್ತಾರೆ. ಆ ಏನಿಲ್ಲವನ್ನು ನಂಬಿ ಎದ್ದು ಬರಬೇಡಿ. ಮತ್ತೆ ಕೇಳಿ. ಉಣ್ಣದೆ ಕಾದು ಕೂತಿರಿ. ಅವರು ಬಾಯಿ ಬಿಟ್ಟು ನಿಮ್ಮನ್ನು ಬೈಯುವ ತನಕ ಏಳಬೇಡಿ.